ಔಷಧಿ ಹೂತ ಜಾಗ

ಹಾಲುಗುಡ್ಡ ಎಸ್ಟೇಟ್ ಲೈನು, ಬಾಳೂರು
12-8-2005

ಪೂಜ್ಯ ರೈಟರ್ ಅಯ್ಯನವರಿಗೆ ಲಕ್ಕಯ್ಯನ ಮಗಳು ಅಂಜನಮ್ಮ ಮಾಡುವ ನಮಸ್ಕಾರಗಳು.

ನೀವು ಎಸ್ಟೇಟಿನ ಲೆಕ್ಕಪತ್ರ, ಆಳುಗಳ ಉಸ್ತುವಾರಿ ಬಿಟ್ಟು ರಿಟೈರಾಗಿ ತರೀಕೆರೆಗೆ ಹೋಗಿ ಏಳು ವರ್ಷವಾಯಿತು. ನನ್ನ ನೆನಪು ಇದೆಯೋ ಇಲ್ಲವೋ. ಐದನೇ ಕ್ಲಾಸಿಗೆ ನನ್ನ ಶಾಲೆ ಬಿಡಿಸಿ ಕಳೆ ಕೀಳಲು ಕಳಿಸುತ್ತೇನೆ ಅಂತ ಅಪ್ಪ ಹೊರಟಾಗ, ಅವನಿಗೆ ಬೈದು, ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋಗಿ ಮತ್ತೆ ಬಾಳೂರು ಶಾಲೆಗೆ ಸೇರಿಸಿದವರು ನೀವು. ಹಾಗಾಗಿ ಎಸ್ಸೆಸ್ಸೆಲ್ಸಿ ಮುಗಿಸಿದೆ. ಈಗ ನಮ್ಮ ಕೂಲಿಯವರ ಲೈನು ಮನೆಗಳ ಅಂಗನವಾಡಿಯಲ್ಲಿ ಟೀಚರಾಗಿದ್ದೇನೆ. ಇಪ್ಪತ್ತಮೂರು ಮಕ್ಕಳಿದ್ದಾರೆ.

ಬರೆಯುವ ಕಾರಣ ಏನೆಂದರೆ, ಈ ಸಲ ಮಳೆ ಹಿಡಿದಾಗಿನಿಂದ ಲೈನಿನ ಮೇಲಿನ ಒರತೆಯ ನೀರು ನಾತ ಹೊಡೆಯುತ್ತಿದೆ. ಹಳ್ಳದಲ್ಲಿ ಮೀನು ಹೊಟ್ಟೆ ಮೇಲೆ ಮಾಡಿಕೊಂಡು ತೇಲಿದವು. ಒಂದೇ ತಿಂಗಳಲ್ಲಿ ಮೂರು ಕರು ಸತ್ತವು. ಆ ನಾತ ನಮಗೆಲ್ಲ ಗೊತ್ತಿರುವಂಥದ್ದೇ. ಬೋರರ್ ಹುಳಕ್ಕೆ ಅಂತ ಕಾಫಿ ಗಿಡದ ಕಾಂಡಕ್ಕೆ ಬಳಿಯುತ್ತಿದ್ದ ಬಿಎಚ್‌ಸಿ ಪುಡಿಯದು. ಕಂಪನಿಯ ಆರು ಎಸ್ಟೇಟಿಗೂ ಅದನ್ನು ನಮ್ಮ ಔಷಧಿ ಶೆಡ್ಡಿನಲ್ಲೇ ಕಲೆಸಿ ಕಳಿಸುತ್ತಿದ್ದರಲ್ಲ. ತೊಂಬತ್ತೇಳರಲ್ಲಿ ಸರ್ಕಾರ ಅದನ್ನು ನಿಲ್ಲಿಸಿದಾಗ ಉಳಿದ ಡ್ರಮ್ಮುಗಳನ್ನು ಎಸ್ಟೇಟಿನೊಳಗೇ ಹೂತರು ಅನ್ನುವುದು ಲೈನಿನವರಿಗೆಲ್ಲ ಗೊತ್ತು. ಎಲ್ಲಿ ಅನ್ನುವುದು ಯಾರಿಗೂ ಗೊತ್ತಿಲ್ಲ. ಮ್ಯಾನೇಜರ್ ಪ್ರಶಾಂತ್ ಅವರನ್ನು ಕೇಳಿದರೆ, ಇಲ್ಲಿ ಏನೂ ಹೂತಿಲ್ಲ, ಎಲೆ ಕೊಳೆತು ನೀರು ವಾಸನೆ ಬಂದಿದೆ ಅನ್ನುತ್ತಾರೆ.

ಗುಂಡಿ ತೋಡಿದವರು ಅಪ್ಪ ಮತ್ತು ಗುರುವಯ್ಯ. ಅಪ್ಪ ಅದೇ ವಾರ ಕುಡಿದು ಬಿದ್ದು ತೀರಿಹೋದ. ಗುರುವಯ್ಯ ಸಂಸೆಯ ಕಡೆ ಎಲ್ಲೋ ಇದ್ದಾನಂತೆ. ಎದುರಿಗೆ ನಿಂತು ಕೆಲಸ ಮಾಡಿಸಿದವರು ನೀವು. ದಯಮಾಡಿ ಜಾಗ ಎಲ್ಲಿ ಅಂತ ಒಂದು ಸಾಲು ಬರೆದು ತಿಳಿಸಿ. ಚಿಕ್ಕಮಗಳೂರಿನಲ್ಲಿ ಪರಿಸರದ ಆಫೀಸಿಗೆ ದೀಪಶ್ರೀ ಅಂತ ಹೊಸ ಮೇಡಂ ಬಂದಿದ್ದಾರೆ. ಜಾಗ ತೋರಿಸಿದರೆ ತೆಗೆಸುತ್ತೇನೆ ಅಂದಿದ್ದಾರೆ. ಆರುನೂರು ಎಕರೆ ತೋಟದಲ್ಲಿ ಎಲ್ಲಿ ಅಂತ ಅಗೆಯುವುದು?

ಅವ್ವ ನಿಮ್ಮನ್ನು ಕೇಳಿದೆ ಅಂತ ಬರೆಯಲು ಹೇಳಿದಳು.

ಇಂತಿ ನಿಮ್ಮ
ಅಂಜನಮ್ಮ


ತರೀಕೆರೆ
2-9-2005

ಚಿ. ಅಂಜನಮ್ಮನಿಗೆ ಓಂಕಾರಮೂರ್ತಿಯ ಆಶೀರ್ವಾದಗಳು.

ಕಾಗದ ತಲುಪಿ ಬಹಳ ಸಂತೋಷವಾಯಿತು. ನೀನು ಟೀಚರಾದೆ ಅಂತ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಾವು ಕ್ಷೇಮ. ನನ್ನ ಮಂಡಿ ನೋವು ಬಿಟ್ಟರೆ ಬೇರೆ ತಾಪತ್ರಯ ಇಲ್ಲ. ಮಗ ಶಶಿಧರ್ ಈಗ ಕಂಪನಿಯ ವಸ್ತಾರೆ ಕಡೆಯ ಎಸ್ಟೇಟಿನಲ್ಲೇ ಅಸಿಸ್ಟೆಂಟ್ ಮ್ಯಾನೇಜರ್ ಆಗಿದ್ದಾನೆ.

ನೀನು ಕೇಳಿದ ವಿಷಯ ಬಹಳ ಹಳೆಯದು. ನನಗೂ ಮರೆವು. ಶೆಡ್ಡಿನ ಹಿಂದೆ, ಸಿಲ್ವರ್ ಓಕ್ ಸಾಲು ಮುಗಿಯುವಲ್ಲಿ ಒಂದು ಗುಂಡಿ ತೋಡಿಸಿದ ನೆನಪು. ಇಪ್ಪತ್ತು ಡ್ರಮ್ಮು ಇರಬಹುದು. ಸುಣ್ಣ ಹಾಕಿಯೇ ಮುಚ್ಚಿಸಿದ್ದೆ, ಆದ್ದರಿಂದ ಗಾಬರಿಯಾಗುವಂಥದ್ದೇನೂ ಇಲ್ಲ. ನೀರನ್ನು ಚೆನ್ನಾಗಿ ಕುದಿಸಿ ಆರಿಸಿ ಕುಡಿಯಿರಿ.

ಒಂದು ಮಾತು. ಇದನ್ನು ನಾನು ಹೇಳಿದೆ ಅಂತ ಎಲ್ಲಿಯೂ ಹೇಳಬೇಡ. ಮಗನ ನೌಕರಿ ಅಲ್ಲೇ ಇದೆ, ನಿನಗೆ ಅರ್ಥವಾಗುತ್ತದೆ. ಲಕ್ಕಯ್ಯ ಒಳ್ಳೆಯ ಆಳಾಗಿದ್ದ. ನಿನ್ನ ತಾಯಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ಶುಭ ಕೋರುವ
ಓಂಕಾರಮೂರ್ತಿ


ಹಾಲುಗುಡ್ಡ
20-1-2006

ಪೂಜ್ಯ ಅಯ್ಯನವರಿಗೆ ಅಂಜನಮ್ಮನ ನಮಸ್ಕಾರಗಳು.

ಹಣ್ಣು ಕೊಯ್ಲಿನ ಗಡಿಬಿಡಿಯಲ್ಲಿ ಬರೆಯುವುದು ತಡವಾಯಿತು. ನೀವು ಹೇಳಿದ ಜಾಗದಲ್ಲೇ ಸಿಕ್ಕಿತು. ದೀಪಶ್ರೀ ಮೇಡಂ ಜನ ಕರೆದುಕೊಂಡು ಬಂದು ಮೂರು ದಿನ ಅಗೆಸಿದರು. ಇಪ್ಪತ್ತೆರಡು ಡ್ರಮ್ಮು. ಅರ್ಧಕ್ಕರ್ಧ ತುಕ್ಕು ಹಿಡಿದು ಒಡೆದಿದ್ದವು. ಅಗೆದವರಿಗೆಲ್ಲ ಕೈಗೆ ರಬ್ಬರ್ ಗ್ಲೌಸು, ಮೂಗಿಗೆ ಮಾಸ್ಕು, ಮೊಣಕಾಲ ತನಕ ಬೂಟು ಕೊಟ್ಟಿದ್ದರು. ಅಷ್ಟು ದೂರ ನಿಂತು ನೋಡುತ್ತಿದ್ದ ಅವ್ವ, "ನಿಮ್ಮಪ್ಪ ಬರಿಗಾಲಲ್ಲಿ ಇಳಿದಿದ್ದ" ಅಂದಳು. ಬೈಗುಳ ಬಿಟ್ಟು ಅಪ್ಪನ ಬಗ್ಗೆ ಅವಳು ಬಾಯಿಬಿಟ್ಟಿದ್ದೇ ಎಂಟು ವರ್ಷದ ಮೇಲೆ.

ಏನೂ ಹೂತಿಲ್ಲ ಅಂದಿದ್ದ ಪ್ರಶಾಂತ್ ಅವರು ಕೊನೆಯ ದಿನ ಇಸ್ತ್ರಿ ಬಟ್ಟೆ ಹಾಕಿಕೊಂಡು ಬಂದು ಡ್ರಮ್ಮುಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಕಂಪನಿ ತಾನಾಗಿಯೇ ಮುಂದೆ ಬಂದು ಸ್ವಚ್ಛ ಮಾಡಿಸಿತು ಅಂತ ಪೇಪರಿನಲ್ಲಿ ಬಂತು. ಬರಲಿ ಬಿಡಿ. ನಿಮ್ಮ ಹೆಸರನ್ನು ನಾನು ಎಲ್ಲಿಯೂ ಎತ್ತಿಲ್ಲ. ಹೇಗೆ ಗೊತ್ತಾಯಿತು ಅಂತ ಮೇಡಂ ಕೇಳಿದಾಗ ಅಪ್ಪ ಹೇಳಿದ್ದ ಅಂತ ಸುಳ್ಳು ಹೇಳಿದೆ.

ನೀರಿನ ನಾತ ಪೂರ್ತಿ ಹೋಗಿಲ್ಲ. ಮಣ್ಣಿನಲ್ಲಿ ಇಳಿದದ್ದು ಹೋಗಲು ಸಮಯ ಬೇಕು ಅಂತ ಮೇಡಂ ಹೇಳಿದ್ದಾರೆ. ಮೊದಲು ಶಾಲೆಗೆ ಸೇರಿಸಿದಿರಿ, ಈಗ ಇದು. ನಿಮ್ಮ ಋಣ ದೊಡ್ಡದು.

ಇಂತಿ ನಿಮ್ಮ
ಅಂಜನಮ್ಮ


ತರೀಕೆರೆ
6-2-2006

ಚಿ. ಅಂಜನಮ್ಮನಿಗೆ ಆಶೀರ್ವಾದಗಳು.

ಕೆಲಸ ಮುಗಿದದ್ದು ತಿಳಿದು ಮನಸ್ಸಿಗೆ ಸಮಾಧಾನವಾಯಿತು. ಇನ್ನು ಆ ವಿಷಯ ಬಿಟ್ಟುಬಿಡು. ನಿನಗೂ ವಯಸ್ಸಾಗುತ್ತಿದೆ, ಮದುವೆ ಬಗ್ಗೆ ಯೋಚಿಸು. ಋಣ ಗಿಣ ಅಂತೆಲ್ಲ ಬರೆಯಬೇಡ.

ಓಂಕಾರಮೂರ್ತಿ


ಹಾಲುಗುಡ್ಡ
9-7-2006

ರೈಟರ್ ಓಂಕಾರಮೂರ್ತಿಯವರಿಗೆ,

ಮಳೆ ಶುರುವಾಗಿ ಒಂದು ತಿಂಗಳಾಯಿತು. ನೀರಿನ ನಾತ ಹೋದ ವರ್ಷದ ಎರಡರಷ್ಟಾಗಿದೆ. ದೀಪಶ್ರೀ ಮೇಡಂ ಬಾಟ್ಲಿಯಲ್ಲಿ ಹಿಡಿದುಕೊಂಡು ಹೋಗಿ ಪರೀಕ್ಷೆ ಮಾಡಿಸಿದರು. ಡ್ರಮ್ಮು ತೆಗೆಯುವ ಮೊದಲು ಇದ್ದದ್ದಕ್ಕಿಂತ ವಿಷ ಹೆಚ್ಚಾಗಿದೆ. ಮೇಡಂ ಮ್ಯಾಪು ಹಾಸಿ ನನಗೆ ತೋರಿಸಿದರು. ಶೆಡ್ಡು ಇರುವುದು ಒರತೆಗಿಂತ ಕೆಳಗೆ. ಕೆಳಗಿನ ಗುಂಡಿಯಿಂದ ವಿಷ ಮೇಲಿನ ಒರತೆಗೆ ಹತ್ತುವುದು ಹೇಗೆ ಅಂತ ಕೇಳಿದರು. ನಾನು ಹುಟ್ಟಿದಾಗಿನಿಂದ ದಿನಾ ಹತ್ತಿ ಇಳಿಯುವ ಗುಡ್ಡ ಅದು. ನನಗೇ ಹೊಳೆದಿರಲಿಲ್ಲ. ನೀವು ಹೇಳಿದಿರಿ, ನಾನು ನಂಬಿದೆ, ಅಷ್ಟೇ.

ಹೋದ ಭಾನುವಾರ ಬಸ್ಸು ಹತ್ತಿ ಕಳಸಕ್ಕೆ ಹೋಗಿ, ಅಲ್ಲಿಂದ ಜೀಪಿನಲ್ಲಿ ಸಂಸೆಗೆ ಹೋದೆ. ಮೂರು ಕಡೆ ವಿಚಾರಿಸಿದ ಮೇಲೆ ಗುರುವಯ್ಯ ಸಿಕ್ಕಿದ. ಯಾರದ್ದೋ ಅಡಿಕೆ ತೋಟದಲ್ಲಿ ಇದ್ದಾನೆ. ಮೊದಲು ನನಗೇನೂ ಗೊತ್ತಿಲ್ಲ ತಾಯಿ ಅಂದ. ನಾನು ಏಳಲಿಲ್ಲ. ಅವನ ಹೆಂಡತಿ ಗಂಜಿ ಕೊಟ್ಟಳು, ಕುಡಿದೆ, ಮತ್ತೆ ಅಲ್ಲೇ ಕೂತೆ. ಆಮೇಲೆ ಹೇಳಿದ. ಶೆಡ್ಡಿನ ಹಿಂದಿನ ಗುಂಡಿ ಮೊದಲೆರಡು ದಿನದ ಕೆಲಸ. ಅಷ್ಟರಲ್ಲಿ ಅವನ ಹೆಂಡತಿಗೆ ಹೆರಿಗೆ ನೋವು ಬಂದು ಅವನು ಹೊರಟುಹೋದ. ಅವನು ಹೋಗುವಾಗ ಶೆಡ್ಡಿನಲ್ಲಿ ಇನ್ನೂ ಗೋಡೆಯಿಂದ ಗೋಡೆಗೆ ಡ್ರಮ್ಮುಗಳಿದ್ದವು. ವಾರ ಬಿಟ್ಟು ಬಂದಾಗ ಶೆಡ್ಡು ಖಾಲಿ, ಲಕ್ಕಯ್ಯ ಇಲ್ಲ. ಕೇಳಿದ್ದಕ್ಕೆ ನೀವು ಅವನ ಕೈಗೆ ಚೀಟಿ ಕೊಟ್ಟು ಕೆಲಸ ಬಿಡಿಸಿದಿರಂತೆ.

ಎರಡು ದಿನದ ಕೆಲಸ ನೆನಪಿದೆ, ಉಳಿದ ದಿನಗಳದ್ದು ನೆನಪಿಲ್ಲವೇ? ಮರೆವು ಅಂತ ಬರೆದಿದ್ದೀರಿ. ಸಿಲ್ವರ್ ಓಕ್ ಸಾಲು ಎಲ್ಲಿ ಮುಗಿಯುತ್ತದೆ ಅನ್ನುವುದು ನೆನಪಿರುವವರಿಗೆ ಇದು ಮಾತ್ರ ಮರೆಯುತ್ತದೆಯೇ?

ಉಳಿದ ಡ್ರಮ್ಮು ಎಲ್ಲಿವೆ ಹೇಳಿ. ನನ್ನ ಮದುವೆ ವಿಷಯ ನಾನು ನೋಡಿಕೊಳ್ಳುತ್ತೇನೆ.

ಅಂಜನಮ್ಮ


ಹಾಲುಗುಡ್ಡ
30-9-2006

ಓಂಕಾರಮೂರ್ತಿಯವರಿಗೆ,

ಎರಡೂವರೆ ತಿಂಗಳಾಯಿತು, ನಿಮ್ಮಿಂದ ಕಾಗದ ಇಲ್ಲ. ರಿಜಿಸ್ಟರ್ ಮಾಡಿದ್ದೆ, ನೀವು ಸಹಿ ಹಾಕಿ ತೆಗೆದುಕೊಂಡ ಚೀಟಿ ನನಗೆ ವಾಪಸು ಬಂದಿದೆ. ಓದಿದ್ದೀರಿ.

ಒರತೆಯ ನೀರು ಬೇಡ ಅಂತ ಲೈನಿನವರಿಗೆ ಹೇಳಿದ್ದೇನೆ. ಹೇಳಿದರೆ ಆಯಿತೇ? ಬೇರೆ ನೀರು ಬೇಕೆಂದರೆ ಒಂದೂವರೆ ಮೈಲಿ ಕೆಳಗಿನ ಸೇತುವೆಗೆ ಹೋಗಬೇಕು. ಬೆಳಿಗ್ಗೆ ಏಳೂವರೆಗೆ ಮೇಸ್ತ್ರಿ ಹಾಜರಿ ಕರೆಯುತ್ತಾನೆ. ಹೆಂಗಸರು ಎಷ್ಟು ಕೊಡ ಹೊತ್ತಾರು? ನಾನು ಬುದ್ಧಿ ಹೇಳುವವಳು, ನಾನೇ ಐದು ವರ್ಷ ಅದೇ ನೀರಿನಲ್ಲಿ ಅಂಗನವಾಡಿ ಮಕ್ಕಳಿಗೆ ಉಪ್ಪಿಟ್ಟು ಬೇಯಿಸಿ ಹಾಕಿದ್ದೇನೆ. ನೀವು ಹೇಳಿದ ಹಾಗೆ ಚೆನ್ನಾಗಿ ಕುದಿಸಿಯೇ ಹಾಕಿದ್ದೇನೆ. ಈ ವಿಷ ಕುದಿಸಿದರೆ ಹೋಗುವಂಥದ್ದಲ್ಲ ಅಂತ ಮೇಡಂ ಈಗ ಹೇಳುತ್ತಾರೆ. ನಿಮಗೆ ಅದೂ ಗೊತ್ತಿತ್ತೋ ಏನೋ.

ಇಪ್ಪತ್ತೊಂದನೇ ತಾರೀಕು ಮೋನಿಕಾ ಅಂತ ನಾಲ್ಕು ವರ್ಷದ ಮಗು ಅಂಗನವಾಡಿಯಲ್ಲಿ ಆಡುತ್ತಾ ಇದ್ದದ್ದು ದಬಕ್ಕನೆ ಬಿತ್ತು. ಕೈಕಾಲು ಸೆಟೆದುಕೊಂಡು ಬಾಯಲ್ಲಿ ನೊರೆ ಬಂತು. ಮೂಡಿಗೆರೆ ಆಸ್ಪತ್ರೆಗೆ ಒಯ್ದೆವು. ಉಳಿದಿದೆ. ಮಾತ್ರೆ ಕೊಟ್ಟಿದ್ದಾರೆ. ಇದು ನೀರಿನಿಂದಲೇ ಅಂತ ಹೇಳಲಿಕ್ಕೆ ಆಗುವುದಿಲ್ಲ ಅಂದರು ಡಾಕ್ಟರು. ನಾನೂ ಹಾಗೆ ಹೇಳುತ್ತಿಲ್ಲ.

ನಾನು ಬರೆಯುತ್ತಿರುವುದು ಅವ್ವನ ಮಾತಿಗಾಗಿ. ಮಗು ಒದ್ದಾಡುವುದನ್ನು ನೋಡಿದವಳು ಗೋಡೆಗೆ ಒರಗಿ ಕೂತುಬಿಟ್ಟಳು. ರಾತ್ರಿಯಾದರೂ ಊಟ ಮಾಡಲಿಲ್ಲ. ಆಮೇಲೆ ನನ್ನನ್ನು ಕರೆದು, "ನಿಮ್ಮಪ್ಪನ್ನ ಮನೆಗೆ ತಂದು ಮಲಗಿಸಿದಾಗ ತುಟಿ ಪಕ್ಕ ಹಿಂಗೇ ನೊರೆ ಒಣಗಿತ್ತು ಕಣೇ. ಕುಡಿದವರಿಗೆ ನೊರೆ ಬರ್ತದಾ?" ಅಂದಳು.

ಅಪ್ಪ ಧರ್ಮಸ್ಥಳಕ್ಕೆ ಹೋಗಿ ಮಂಜುನಾಥಸ್ವಾಮಿ ಎದುರು ಆಣೆ ಮಾಡಿ ಕುಡಿತ ಬಿಟ್ಟಿದ್ದ. ಆಣೆ ಮುರಿದ, ಸ್ವಾಮಿ ಬಿಡಲಿಲ್ಲ ಅಂತ ಅವ್ವ ಇಷ್ಟು ವರ್ಷವೂ ನಂಬಿದ್ದಾಳೆ. ಅವನ ತಿಥಿ ಮಾಡಿಲ್ಲ. ಹೆಸರು ಹೇಳಿಲ್ಲ. ಯಾರಾದರೂ ಎತ್ತಿದರೆ, ಸಾರಾಯಿ ಸಿಕ್ತು ಅಂತ ಹೆಂಡ್ತಿ ಮಗಳನ್ನ ಬಿಟ್ಟು ಹೋದವನು, ಅನ್ನುತ್ತಿದ್ದಳು.

ಅವತ್ತು ಅಲ್ಲಿದ್ದವರು ನೀವು. ನನ್ನ ಅಪ್ಪ ಕುಡಿದಿದ್ದನೇ?

ಅಂಜನಮ್ಮ


ತರೀಕೆರೆ
25-10-2006

ಅಂಜನಮ್ಮನಿಗೆ,

ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ನಿನ್ನ ಅಪ್ಪ ಕುಡಿದಿರಲಿಲ್ಲ.

ಒಟ್ಟು ಎಂಬತ್ತಾರು ಡ್ರಮ್ಮು ಇದ್ದವು. ನಿಷೇಧವಾದ ಮಾಲು ಸ್ಟಾಕಿನಲ್ಲಿದ್ದರೆ ತನಿಖೆ ಬರುತ್ತದೆ, ವಾರದೊಳಗೆ ಮುಗಿಸಿ ಅಂತ ಪ್ರಶಾಂತ್ ಹೇಳಿದರು. ಶೆಡ್ಡಿನ ಹಿಂದೆ ಇಪ್ಪತ್ತೆರಡು ಹಿಡಿಸುವಷ್ಟರಲ್ಲಿ ಬಂಡೆ ಸಿಕ್ಕಿತು. ಬೇರೆ ಜಾಗ ಹುಡುಕಿದವನು ನಾನೇ. ಮೇಲಿನ ಜೀಪ್ ರಸ್ತೆಯ ಮೂರನೇ ತಿರುವಿನಲ್ಲಿ, ಹೆಬ್ಬಲಸಿನ ಮರದ ಬಲಕ್ಕೆ ಒಂದು ಸಮತಟ್ಟು ಜಾಗ ಇದೆ. ಮಣ್ಣು ಮೆತ್ತಗಿತ್ತು, ಲಾರಿ ಅಲ್ಲಿಯ ತನಕ ಹೋಗುತ್ತಿತ್ತು. ಲಕ್ಕಯ್ಯ ಒಂದು ಗುದ್ದಲಿ ಹಾಕಿ ನಿಂತುಬಿಟ್ಟ. "ಇಲ್ಲಿ ಬೇಡಿ ಅಯ್ಯ, ಇದರ ಕೆಳಗೆ ನೀರು ಇದೆ, ನಮ್ಮ ಒರತೆಗೆ ಬರೋದು ಇದೇ" ಅಂದ. ನಾನು, ನಿನಗ್ಯಾಕೆ ಅದೆಲ್ಲ, ಹೇಳಿದ್ದು ಮಾಡು ಅಂದೆ. ಅವನು ಮಾಡಿದ. ನಾನು ಹೇಳಿದರೆ ಅವನು ಇಲ್ಲ ಅನ್ನುತ್ತಿರಲಿಲ್ಲ, ನಿನ್ನ ಶಾಲೆಯ ಕಾರಣಕ್ಕೆ.

ಗುರುವಯ್ಯ ಹೋದ ಮೇಲೆ ಅವನೊಬ್ಬನೇ ಗುಂಡಿಗೆ ಇಳಿದು ಡ್ರಮ್ಮು ಜೋಡಿಸುತ್ತಿದ್ದ. ಹಳೆಯ ಡ್ರಮ್ಮು, ಉರುಳಿಸಿದಾಗ ಮುಚ್ಚಳ ಕಿತ್ತು ಪುಡಿ ಚೆಲ್ಲುತ್ತಿತ್ತು. ಏಪ್ರಿಲ್ ಬಿಸಿಲು, ಮೈಯೆಲ್ಲ ಬೆವರು, ಬೆವರಿಗೆ ಪುಡಿ ಮೆತ್ತಿಕೊಂಡು ಬೂದಿ ಬಳಿದವನ ಹಾಗೆ ಕಾಣುತ್ತಿದ್ದ. ಐದನೇ ದಿನ ತಲೆ ತಿರುಗುತ್ತದೆ ಅಂದ. ನಾಳೆ ಒಂದು ದಿನ ಅಂದೆ. ಆರನೇ ದಿನ ಮಧ್ಯಾಹ್ನ ಗುಂಡಿಯಲ್ಲೇ ಬಿದ್ದ. ಆ ಮಗುವಿಗೆ ಆದದ್ದೇ ಆಯಿತು. ನಾನು ಜೀಪು ತರಿಸಿದೆ. ಪ್ರಶಾಂತ್ ಬಂದು, ಆಸ್ಪತ್ರೆಗೆ ಬೇಡ, ಡಾಕ್ಟರು ಏನು ಮುಟ್ಟಿದ್ದ ಅಂತ ಕೇಳ್ತಾರೆ, ನೆರಳಲ್ಲಿ ಮಲಗಿಸಿ ಸರಿಹೋಗ್ತಾನೆ ಅಂದರು. ಎರಡು ಗಂಟೆ ಹೊತ್ತು ಜೀಪು ಪಕ್ಕದಲ್ಲೇ ನಿಂತಿತ್ತು. ಕೀ ನನ್ನ ಜೇಬಿನಲ್ಲಿತ್ತು. ಅವನು ನನ್ನ ಕೈ ಹಿಡಿದಿದ್ದ.

ಆಮೇಲೆ ಮೈ ಮೇಲಿನ ಪುಡಿ ತೊಳೆಸಿ ಬೇರೆ ಅಂಗಿ ಹಾಕಿಸಿದೆವು. ಸಾರಾಯಿ ಪ್ಯಾಕೆಟ್ಟು ತರಿಸಿದ್ದು ಪ್ರಶಾಂತ್. ಅಂಗಿಯ ಮೇಲೆ ಸುರಿದದ್ದು ನಾನು. ಕುಡಿದ ಅಮಲಿನಲ್ಲಿ ಇಳಿಜಾರಿನಿಂದ ಬಿದ್ದು ಸತ್ತ ಅಂತ ರಿಪೋರ್ಟು ಬರೆದದ್ದೂ ನಾನೇ. ಮರುವರ್ಷ ನನಗೆ ರಿಟೈರ್ಮೆಂಟು ಆಯಿತು. ಮಗನಿಗೆ ಕೆಲಸ ಆಯಿತು.

ನಿನ್ನ ಮೊದಲನೇ ಕಾಗದದಲ್ಲಿ ಅಪ್ಪ ಕುಡಿದು ಬಿದ್ದು ಹೋದ ಅಂತ ನೀನೇ ಬರೆದದ್ದನ್ನು ಓದಿದಾಗ, ದೇವರೇ, ಇವಳಿಗೆ ಗೊತ್ತಿಲ್ಲ ಅಂತ ನನಗೆ ನಿರಾಳವಾಯಿತು. ಅದನ್ನೂ ಹೇಳಿಬಿಡುತ್ತೇನೆ.

ಕ್ಷಮಿಸು ಅನ್ನಲು ಮುಖವಿಲ್ಲ. ಆದರೂ ಕೇಳುತ್ತಿದ್ದೇನೆ.

ಓಂಕಾರಮೂರ್ತಿ


ಹಾಲುಗುಡ್ಡ
4-11-2006

ಓಂಕಾರಮೂರ್ತಿಗೆ,

ನಿಮ್ಮ ಕಾಗದ ಅವ್ವನಿಗೆ ಓದಲಿಲ್ಲ. ಓದಲು ನನಗೆ ನಾಲಿಗೆ ಬರಲಿಲ್ಲ. ಜೆರಾಕ್ಸ್ ಮಾಡಿಸಿ ಮೇಡಂಗೆ ಒಂದು, ಕಾರ್ಮಿಕರ ಆಫೀಸಿಗೆ ಒಂದು, ಮೂಡಿಗೆರೆಯ ವಕೀಲರಿಗೆ ಒಂದು ಕೊಟ್ಟಿದ್ದೇನೆ. ನಿಮ್ಮನ್ನು ಕೇಳಲಿಲ್ಲ. ಕೇಳಬೇಕು ಅಂತ ಅನ್ನಿಸಲೂ ಇಲ್ಲ.

ನೀವು ನನ್ನನ್ನು ಶಾಲೆಗೆ ಸೇರಿಸಿದ್ದನ್ನು ಎಷ್ಟು ಜನರ ಹತ್ತಿರ ಹೇಳಿಕೊಂಡು ತಿರುಗಿದ್ದೇನೆ ಗೊತ್ತೇ? ಆ ಒಂದು ಉಪಕಾರವನ್ನು ಹಗ್ಗ ಮಾಡಿ ಅಪ್ಪನನ್ನು ಗುಂಡಿಗೆ ಇಳಿಸಿದಿರಿ. ಅದೇ ಹಗ್ಗ ಹಿಡಿದು ನಾನು ನಿಮಗೆ ಪೂಜ್ಯ ಅಂತ ಬರೆದೆ. ಎರಡು ಗಂಟೆ. ಬಾಳೂರಿನಿಂದ ಮೂಡಿಗೆರೆಗೆ ಜೀಪಿನಲ್ಲಿ ಎಷ್ಟು ಹೊತ್ತು? ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕಂಪನಿಯವರು, ಕಾಗದ ನಕಲಿ, ಮುದುಕನಿಗೆ ತಲೆ ಕೆಟ್ಟಿದೆ, ಮೂರನೇ ತಿರುವು ಅಂದರೆ ಯಾವುದು, ಅಲ್ಲಿ ಹತ್ತು ತಿರುವಿವೆ ಅಂತ ತಕರಾರು ತೆಗೆದಿದ್ದಾರೆ. ಹೆಬ್ಬಲಸಿನ ಮರ ಕಡಿದು ಎಷ್ಟೋ ವರ್ಷವಾಯಿತು. ಆ ಜಾಗದ ತುಂಬ ಈಗ ಕಾಫಿ ಗಿಡ. ಒಬ್ಬರು ಬಂದು ಆಫೀಸರುಗಳ ಎದುರು ಕೈ ತೋರಿಸಿ ಇದೇ ಅನ್ನಬೇಕು. ನೀವೇ ಬರಬೇಕು. ನನಗಾಗಿ ಬೇಡ, ಕ್ಷಮೆಗಾಗಿ ಅಂತೂ ಬೇಡ. ಇಪ್ಪತ್ತಮೂರು ಮಕ್ಕಳಿದ್ದಾರೆ.

ಅಂಜನಮ್ಮ


ತರೀಕೆರೆ
20-11-2006

ಅಂಜನಮ್ಮನಿಗೆ,

ಪ್ರಶಾಂತ್ ಎರಡು ಸಲ ಫೋನು ಮಾಡಿದರು. ಶಶಿಧರ್ ಬಂದು, ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ ಅಂತ ಕೂಗಾಡಿ, ಊಟ ಮಾಡದೆ ಹೋದ. ಅವನಿಗೆ ಕೆಲಸ ಹೇಗೆ ಸಿಕ್ಕಿತು ಅಂತ ಅವತ್ತೇ ಹೇಳಿದೆ. ಅಲ್ಲಿಂದ ಈಚೆ ಅವನು ನನ್ನ ಜೊತೆ ಮಾತಾಡಿಲ್ಲ.

ಬರುವ ಗುರುವಾರ ಬರುತ್ತೇನೆ. ಜಾಗ ತೋರಿಸುತ್ತೇನೆ. ದೀಪಶ್ರೀಯವರಿಗೆ ತಿಳಿಸಿರು.

ಓಂಕಾರಮೂರ್ತಿ


ಹಾಲುಗುಡ್ಡ
11-3-2007

ಓಂಕಾರಮೂರ್ತಿಯವರಿಗೆ,

ನೀವು ಅವತ್ತು ಬಂದಿರಿ, ಮಂಡಿ ಹಿಡಿದುಕೊಂಡು ಗುಡ್ಡ ಹತ್ತಿದಿರಿ, ಜಾಗ ತೋರಿಸಿದಿರಿ. ಪ್ರಶಾಂತ್ ಎದುರಿಗಿದ್ದರೂ ಮಾತು ಬದಲಿಸಲಿಲ್ಲ. ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಆದರೆ ಇಳಿಯುವಾಗ ಲೈನಿನ ದಾರಿ ಬಿಟ್ಟು, ಹಿಂದಿನ ಜೀಪ್ ರಸ್ತೆಯಲ್ಲಿ ಹೊರಟುಹೋದಿರಿ. ಹಿಂದಿನ ದಿನ ಅವ್ವನಿಗೆ ನಿಮ್ಮ ಕಾಗದ ಓದಿ ಹೇಳಿದ್ದೆ. ಅವಳು ಕೆಲಸಕ್ಕೆ ಹೋಗದೆ ಬೆಳಿಗ್ಗೆಯಿಂದ ಸಂಜೆಯ ತನಕ ಬಾಗಿಲಲ್ಲಿ ಕೂತಿದ್ದಳು. ನೀವು ಬೇರೆ ದಾರಿಯಲ್ಲಿ ಹೋದಿರಿ ಅಂತ ನಾನು ಬಂದು ಹೇಳಬೇಕಾಯಿತು.

ನೀವು ಹೋದ ಮೇಲೆ ಆದದ್ದು ಇದು. ಜನವರಿಯಲ್ಲಿ ಅಗೆಯಲು ಶುರು ಮಾಡಿದರು. ಅರವತ್ತನಾಲ್ಕು ಡ್ರಮ್ಮು ಬಂದವು. ಡ್ರಮ್ಮು ಅನ್ನುವಂತಿರಲಿಲ್ಲ, ತುಕ್ಕಿನ ಬಳೆಗಳು ಅಷ್ಟೇ. ಪುಡಿ ಮಣ್ಣಿಗೆ ಇಳಿದು ಎರಡಾಳು ಆಳದ ತನಕ ಬೆಳ್ಳಗೆ ಗೆರೆ ಕಟ್ಟಿತ್ತು. ಆ ಮಣ್ಣನ್ನೂ ಚೀಲಕ್ಕೆ ತುಂಬಿಸಿದರು. ಸಾವಿರದ ಇನ್ನೂರು ಚೀಲ.

ಹೋದ ಸೋಮವಾರ ಲಾರಿಗಳು ಬಂದವು. ಲಾರಿಯ ಕಾಗದದಲ್ಲಿ ಬೆಂಗಳೂರಿನ ಆಚೆಗೆ ಸಾಗಿಸುವುದು ಅಂತ ಬರೆದಿತ್ತು. ಡ್ರೈವರು ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಾ, ಸಂಜೆಯೊಳಗೆ ಎರಡು ಟ್ರಿಪ್ ಹೊಡೀಬೇಕು ಅಂದನಂತೆ. ಬೆಂಗಳೂರಿಗೆ ಒಂದು ದಿನದಲ್ಲಿ ಎರಡು ಟ್ರಿಪ್ ಹೇಗೆ ಅಂತ ಅವ್ವನೇ ಬಂದು ನನ್ನನ್ನು ಕೇಳಿದಳು. ಡ್ರೈವರನ್ನು ವಿಚಾರಿಸಿದರೆ, ವಸ್ತಾರೆ ಕಡೆ ಕಂಪನಿಯದ್ದು ಪಾಳುಬಿದ್ದ ಕಲ್ಲುಕ್ವಾರಿ ಇದೆಯಂತೆ, ಅಲ್ಲಿ ಸುರಿಯಲು ಪ್ರಶಾಂತ್ ಹೇಳಿದ್ದರಂತೆ. ಇನ್ನೊಂದು ಊರಿನ ತಲೆ ಮೇಲೆ.

ಹಾಜರಿಗೆ ನಿಂತಿದ್ದ ಹೆಂಗಸರು ಬುಟ್ಟಿ ಬಿಸಾಕಿ ಬಂದು ಗೇಟಿನ ಎದುರು ರಸ್ತೆಯಲ್ಲೇ ಕೂತರು. ಮೂವತ್ತೊಂದು ಜನ. ಪ್ರಶಾಂತ್ ಬಂದು, ನಿಮ್ಮೂರಿಂದ ತೆಗೀರಿ ಅಂದ್ರಿ, ತೆಗೀತಿದೀವಿ, ಎಲ್ಲಿಗೆ ಹಾಕ್ತೀವಿ ಅನ್ನೋದು ನಿಮಗ್ಯಾಕೆ ಅಂತ ರೇಗಿದರು. ಅವ್ವ ಕೂತಲ್ಲಿಂದಲೇ, "ನನ್ನ ಗಂಡನಿಗೂ ಹಿಂಗೇ ನಿನಗ್ಯಾಕೆ ಅಂದಿದ್ರಂತೆ" ಅಂದಳು. ಯಾರೂ ಏಳಲಿಲ್ಲ. ಮಧ್ಯಾಹ್ನ ಮೇಡಂ ಪೊಲೀಸರ ಜೊತೆ ಬಂದು ಲಾರಿ ಖಾಲಿ ಮಾಡಿಸಿದರು. ಇಂಥದ್ದನ್ನು ಹಾಕಲು ಸರಿಯಾದ ಜಾಗ ಸಿದ್ಧವಾಗುವ ತನಕ ಎಲ್ಲವೂ ಶೆಡ್ಡಿನೊಳಗೆ, ಸಿಮೆಂಟು ನೆಲದ ಮೇಲೆ, ಸೀಲು ಹಾಕಿ ಇರುತ್ತದೆ.

ನಿಮ್ಮ ಕಾಗದ ಕೇಳಿದ ದಿನ ಅವ್ವ ಅಳಲಿಲ್ಲ. "ಹತ್ತು ವರ್ಷ ಬೈದೆನಲ್ಲೇ. ಆ ಬೈಗುಳ ಎಲ್ಲಾ ಈಗ ಹೆಂಗೆ ವಾಪಸ್ ತಗೊಳ್ಳೋದು?" ಅಂದಳು. ನಿಮಗೆ ಗೊತ್ತಿದ್ದರೆ ಅವಳಿಗೇ ಬಂದು ಹೇಳಿ. ಕುಡಿದು ಸತ್ತ ಅಂತ ಲೈನಿನ ಪ್ರತಿ ಮನೆಯೂ ನಂಬಿದೆ. ಕಾಗದದಲ್ಲಿ ಆಫೀಸಿಗೆ ಹೇಳಿದ್ದೀರಿ. ಬಾಯಲ್ಲಿ ಲೈನಿಗೆ ಹೇಳಿಲ್ಲ.

ಅಂಜನಮ್ಮ


ತರೀಕೆರೆ
2-4-2007

ಅಂಜನಮ್ಮನಿಗೆ,

ಅವತ್ತು ಲೈನಿನ ದಾರಿಗೆ ತಿರುಗುವಲ್ಲಿ ನಿಂತೆ. ನಿನ್ನ ತಾಯಿ ಭಾಗಮ್ಮ ಬಾಗಿಲಲ್ಲಿ ಕೂತಿರುವುದು ಅಲ್ಲಿಂದಲೇ ಕಂಡಿತು. ಕಂಡಿದ್ದರಿಂದಲೇ ಬರಲಿಲ್ಲ.

ಏಪ್ರಿಲ್ ಹತ್ತೊಂಬತ್ತಕ್ಕೆ ಲಕ್ಕಯ್ಯ ಹೋಗಿ ಹತ್ತು ವರ್ಷ. ಅವತ್ತು ಬರುತ್ತೇನೆ.

ಓಂಕಾರಮೂರ್ತಿ


ಹಾಲುಗುಡ್ಡ
15-6-2008

ಓಂಕಾರಮೂರ್ತಿಯವರಿಗೆ,

ನೀವು ಬಂದುಹೋಗಿ ಒಂದು ವರ್ಷದ ಮೇಲಾಯಿತು. ಆಮೇಲೆ ಎರಡು ಕಾಗದ ಬರೆದಿದ್ದೀರಿ. ನಾನು ಉತ್ತರ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಈಗ ಇದೆ.

ಕೊನೆಯ ಲಾರಿ ನಾಲ್ಕು ದಿನದ ಹಿಂದೆ ಹೋಯಿತು. ಈ ಸಲ ಮೇಡಂ ಜೀಪು ಹಿಂದೆ, ಅದರಲ್ಲಿ ಲೈನಿನಿಂದ ನಾನು ಮತ್ತು ಅವತ್ತು ಗೇಟಿನ ಎದುರು ಕೂತಿದ್ದ ಸಿದ್ದಗಂಗಮ್ಮ. ಬೆಂಗಳೂರಿನ ಆಚೆ, ನೆಲಕ್ಕೆ ದಪ್ಪ ಹಾಳೆ ಹಾಸಿ, ಒಂದು ಹನಿಯೂ ಕೆಳಗೆ ಇಳಿಯದ ಹಾಗೆ ಕಟ್ಟಿದ ಹೊಂಡ ಅದು. ಚೀಲ ಇಳಿಸುವ ತನಕ ನಿಂತು ನೋಡಿ ಬಂದೆವು. ಪ್ರಶಾಂತ್ ಮೇಲೆ ಕೇಸು ನಡೆಯುತ್ತಿದೆ. ಅವರನ್ನು ಕಂಪನಿ ಕೆಲಸದಿಂದ ತೆಗೆದಿದೆ, ಕಂಪನಿಗೆ ಮಾತ್ರ ಏನೂ ಆಗಿಲ್ಲ. ಗುಡ್ಡದ ಆಚೆ ಮಗ್ಗುಲಿನಿಂದ ಪೈಪು ಎಳೆದು ಲೈನಿಗೆ ನಲ್ಲಿ ಹಾಕಿಸಿದ್ದಾರೆ. ಮೋನಿಕಾ ಒಂದನೇ ಕ್ಲಾಸಿಗೆ ಹೋಗುತ್ತಿದೆ, ಮಾತ್ರೆ ಇನ್ನೂ ನಿಂತಿಲ್ಲ. ಅಪ್ಪ ಕೆಲಸದಲ್ಲಿ ವಿಷ ತಾಗಿ ಸತ್ತ ಅಂತ ಕಾರ್ಮಿಕರ ಆಫೀಸಿನಿಂದ ಆರ್ಡರ್ ಬಂತು. ಅದನ್ನು ತಿಳಿಸಲಿಕ್ಕೇ ಮುಖ್ಯವಾಗಿ ಬರೆದೆ, ನೀವು ಕೊಟ್ಟ ಹೇಳಿಕೆಯಿಂದ ಬಂದದ್ದು ಅದು.

ನೀವು ಅವತ್ತು ಲೈನಿನ ಅಂಗಳದಲ್ಲಿ ಎಲ್ಲರ ಎದುರು ನಿಂತು ಹೇಳಿದಿರಿ. ಸಾರಾಯಿ ಸುರಿದದ್ದನ್ನೂ ಬಿಡಲಿಲ್ಲ. ಅವ್ವ ಎದ್ದು ಒಳಗೆ ಹೋದಳು, ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತು ಕಾದು ನೀವು ಹೊರಟಿರಿ. ಅವಳು ಏನು ಅಂದಳು ಅಂತ ಎರಡು ಕಾಗದದಲ್ಲೂ ಕೇಳಿದ್ದೀರಿ. ನಿಮ್ಮ ಬಗ್ಗೆ ಏನೂ ಅನ್ನಲಿಲ್ಲ. ಇವತ್ತಿನ ತನಕ ಅಂದಿಲ್ಲ. ನೀವು ಹೋದ ಮೇಲೆ, ಅವತ್ತು ಸಂಸೆಯಿಂದ ಬಂದಿದ್ದ ಗುರುವಯ್ಯನನ್ನು ಹತ್ತಿರ ಕೂರಿಸಿಕೊಂಡು, ಗುಂಡಿ ತೋಡಿದ ಎರಡು ದಿನ ಅಪ್ಪ ಏನೇನು ಮಾತಾಡಿದ, ಬುತ್ತಿ ಪೂರ್ತಿ ಉಂಡನೋ ಇಲ್ಲವೋ, ನಕ್ಕನೋ, ಎಲ್ಲವನ್ನೂ ಒಂದೊಂದಾಗಿ ಕೇಳಿದಳು. ಸಂಜೆಯಾಗುವ ತನಕ ಕೇಳಿದಳು. ಈಗ ದಿನಕ್ಕೊಂದು ಸಲ ಏನಾದರೂ ನೆಪ ತೆಗೆದು ಅವನ ಹೆಸರು ಹೇಳುತ್ತಾಳೆ. ಕೆಲವು ಸಲ ನನಗೆ ಕೇಳುವುದು ಕಷ್ಟವಾಗುತ್ತದೆ.

ಕ್ಷಮೆ ಕೇಳಿದ್ದೀರಿ. ನನ್ನ ಹತ್ತಿರ ಇಲ್ಲ. ಒರತೆಯ ನೀರು ಕುಡಿಯುವಂತಾಗಲು ಇನ್ನೂ ಇಪ್ಪತ್ತೈದು ಮೂವತ್ತು ವರ್ಷ ಬೇಕು ಅಂತ ಮೇಡಂ ಹೇಳಿದ್ದಾರೆ. ಮೊನ್ನೆ ಅಂಗನವಾಡಿಗೆ ಹೊಸದಾಗಿ ಐದು ಮಕ್ಕಳು ಬಂದವು. ಎರಡೂವರೆ, ಮೂರು ವರ್ಷದವು. ಈ ನೀರು ಮುಟ್ಟಬಾರದು ಅಂತ ತೋರಿಸಲು ಕೈಹಿಡಿದು ಒರತೆಯ ಹತ್ತಿರ ಕರೆದುಕೊಂಡು ಹೋದೆ. ಮಳೆ ಬಿದ್ದು ನೀರು ತಿಳಿಯಾಗಿ, ತಣ್ಣಗೆ ಹರಿಯುತ್ತಿತ್ತು. ಒಂದು ಮಗು ಬೊಗಸೆ ಒಡ್ಡಲು ಬಗ್ಗಿತು. ನಾನು ಅದರ ಕೈ ಮೇಲೆ ಹೊಡೆದೆ. ಜೋರಾಗಿಯೇ ಹೊಡೆದೆ. ನಾನು ಯಾವತ್ತೂ ಮಕ್ಕಳಿಗೆ ಹೊಡೆದವಳಲ್ಲ.

ಅಂಜನಮ್ಮ